ಪಾಲಿಸಿ ಮೇಡಂ ಎದ್ದು ಹೊರಗೆ ಹೋದದ್ದು

ವಿಶ್ವವಿದ್ಯಾಲಯದಲ್ಲಿ ಅವರನ್ನು ಎಲ್ಲರೂ ಪಾಲಿಸಿ ಮೇಡಂ ಎನ್ನುತ್ತಿದ್ದರು. ಹೊಸದಾಗಿ ಸೇರಿದ ಅಧ್ಯಾಪಕರು ಆ ಹೆಸರು ಕೇಳಿ ವಿಮೆ ಮಾಡಿಸುವವರಿರಬೇಕೆಂದು ದೂರದಿಂದಲೇ ತಪ್ಪಿಸಿಕೊಂಡು ಹೋಗುತ್ತಿದ್ದರು. ಒಬ್ಬರಂತೂ ಹೆಂಡತಿಯ ಹೆಸರಿನ ವಿಮೆ ಕಾಗದ ಹಿಡಿದು ಬಂದು, ಕಂತು ತಪ್ಪಿಹೋಗಿದೆ ಏನಾದರೂ ಮಾಡಿ ಎಂದು ಗೋಗರೆದಿದ್ದರು. ಮೇಡಂ ನಗಲಿಲ್ಲ. ಕಾಗದವನ್ನು ಪೂರ್ತಿ ಓದಿ, ಯಾವ ಆಫೀಸಿಗೆ ಹೋಗಬೇಕೆಂದು ಹೇಳಿ ಕಳಿಸಿದರು. ಅವರು ಹಾಗೆಯೇ. ಕೈಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಓದದೆ ಬಿಡುವವರಲ್ಲ. ಈ ವಿಶ್ವವಿದ್ಯಾಲಯದಲ್ಲಿ ಆ ಚಟ ಇದ್ದದ್ದು ಅವರೊಬ್ಬರಿಗೇ.

ಅವರ ಪಾಲಿಸಿ ಬೇರೆ. ಬೌದ್ಧಿಕ ಆಸ್ತಿ ನೀತಿ. ಇಲ್ಲಿ ಕೆಲಸ ಮಾಡುವವರ ತಲೆಯಿಂದ ಹೊಸದೇನಾದರೂ ಹೊರಬಿದ್ದರೆ ಅದು ಯಾರಿಗೆ ಸೇರಬೇಕು ಎಂದು ಹೇಳುವ ನಿಯಮ. ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆಯೇ ಆ ಘಟಕ. ಎರಡು ಮೇಜು, ಒಂದು ಬೀರು, ಪಕ್ಕದ ಗೋಡೆಗೆ ಮುಖ ಮಾಡಿದ ಒಂದು ಕಿಟಕಿ. ಒಂದು ಮೇಜು ಅವರದ್ದು, ಇನ್ನೊಂದು ನನ್ನದು. ಅವರು ಸೂಪರಿಂಟೆಂಡೆಂಟ್, ನಾನು ಟೈಪಿಸ್ಟ್. ಮೇಲೆ ಮೆಟ್ಟಿಲಲ್ಲಿ ಹುಡುಗರು ದಡದಡ ಓಡಿದಾಗಲೆಲ್ಲ ನಮ್ಮ ತಲೆಯ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಮೇಡಂ ಫೈಲನ್ನು ಒಮ್ಮೆ ಕೊಡವಿ ಮತ್ತೆ ಓದುತ್ತಿದ್ದರು.

ಹೊಸ ಕುಲಪತಿ ಬಂದಾಗಲೆಲ್ಲ ನೀತಿ ಬದಲಾಗುತ್ತಿತ್ತು. ಕುರ್ಚಿಯಲ್ಲಿ ಕೂತವರಿಗೆಲ್ಲ ಏನಾದರೊಂದು ಬದಲಿಸಬೇಕು. ಕಟ್ಟಡ ಬದಲಿಸಲು ಕಾಸು ಬೇಕು, ಮನುಷ್ಯರನ್ನು ಬದಲಿಸಲು ಎದೆ ಬೇಕು, ನೀತಿ ಬದಲಿಸಲು ನಾನು ಮತ್ತು ಮೇಡಂ ಸಾಕು. ಮೊದಲು ಬಂದವರು ಸಾಧು ಮನುಷ್ಯ. ಯಾರು ಮಾಡಿದರೋ ಅವರದ್ದು ಎಂದರು. ಅವರ ನಂತರ ಬಂದವರು, ನಮ್ಮ ಕರೆಂಟು, ನಮ್ಮ ಕುರ್ಚಿ, ನಮ್ಮ ಸಂಬಳ, ಆದ್ದರಿಂದ ಎಲ್ಲವೂ ವಿಶ್ವವಿದ್ಯಾಲಯದ್ದು ಎಂದರು. ಮುಂದಿನವರು ಅರ್ಧ ಅರ್ಧ ಎಂದರು. ಅವರ ಹಿಂದೆ ಬಂದವರಿಗೆ ಅಷ್ಟೂ ಪುರಸೊತ್ತಿರಲಿಲ್ಲ. ದೂರದ ಯಾವುದೋ ದೊಡ್ಡ ವಿಶ್ವವಿದ್ಯಾಲಯದ ನೀತಿಯನ್ನು ತರಿಸಿ, ಹೆಸರು ತಿದ್ದಿ ಇದನ್ನೇ ಹಾಕಿ ಎಂದರು. ಅದರಲ್ಲಿ ಕಡಲ ಮೀನುಗಾರಿಕೆ ವಿಭಾಗದವರು ಕಂಡುಹಿಡಿದ ಬಲೆಗಳು ಯಾರದ್ದು ಎಂದು ಒಂದು ಪುಟ ಇತ್ತು. ನಮ್ಮಲ್ಲಿ ಕಡಲಿಲ್ಲ. ಹಿತ್ತಿಲ ಹೊಂಡದಲ್ಲಿ ಕಪ್ಪೆಗಳಿವೆ ಅಷ್ಟೇ. ಮೇಡಂ ಆ ಪುಟ ತೆಗೆಯಬೇಕೆಂದು ಟಿಪ್ಪಣಿ ಕಳಿಸಿದರು. ತೆಗೆಯಲು ಮತ್ತೊಂದು ಸಭೆ ಕರೆಯಬೇಕಿತ್ತು, ಕರೆಯಲಿಲ್ಲ. ಬಲೆಗಳು ಹಾಗೇ ಉಳಿದವು.

ಇದನ್ನೆಲ್ಲ ನೋಡಿ ನನಗೆ ಮೈ ಉರಿಯುತ್ತಿತ್ತು. ಮೇಡಂಗೆ ಸಿಟ್ಟು ಬರುತ್ತಿರಲಿಲ್ಲ, ದಣಿವಾಗುತ್ತಿತ್ತು. ಹೊಸ ಕರಡು ಕೈಗೆ ಬಂದಾಗ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಳ್ಳುತ್ತಿದ್ದರು. ಆಮೇಲೆ, "ಶುರು ಮಾಡೋಣ್ವಾ?" ಎನ್ನುತ್ತಿದ್ದರು, ತೊಳೆಯದ ಪಾತ್ರೆಗಳ ಗುಡ್ಡೆಯ ಮುಂದೆ ನಿಂತು ಹೇಳುವ ಹಾಗೆ.

ಅವರ ಸ್ವಂತ ಬದುಕು ಸಣ್ಣದು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡರು. ಅದಕ್ಕೂ ಮುಂಚೆಯೇ ತಾಯಿ ತಂದೆ ಹೋಗಿದ್ದರು. ಉಳಿದದ್ದು ಒಬ್ಬ ತಂಗಿ. ಅವಳನ್ನು ಓದಿಸಿದ್ದು, ಬೆಳೆಸಿದ್ದು ಇವರೇ. ಆ ತಂಗಿ ನಮ್ಮ ವಿಶ್ವವಿದ್ಯಾಲಯದಲ್ಲೇ ವಾಕ್ ಚಿಕಿತ್ಸಾ ವಿಭಾಗದಲ್ಲಿ ಅಧ್ಯಾಪಕಿಯಾದಳು. ತಲೆ ಅರ್ಧ ನರೆತ ಮೇಲೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಪುಟ್ಟಿ ಮದುವೆಯಾಗಲಿಲ್ಲ. ಕೇಳಿದವರಿಗೆ, "ಮನೇಲಿ ಈಗಾಗ್ಲೇ ಒಬ್ರು ನಿಯಮ ಹೇಳೋರಿದ್ದಾರೆ, ಇನ್ನೊಬ್ರನ್ನ ಎಲ್ಲಿಡ್ಲಿ?" ಎನ್ನುತ್ತಿದ್ದಳು. ಇಬ್ಬರೂ ಒಂದೇ ಮನೆ, ಒಂದೇ ಸ್ಕೂಟರು. ತಂಗಿ ಓಡಿಸುವುದು, ಅಕ್ಕ ಹಿಂದೆ ಕೂತು ನಿಧಾನ ನಿಧಾನ ಎನ್ನುವುದು. ಅಕ್ಕನಿಗೆ ಎಷ್ಟು ಮಾತು ಕಡಿಮೆಯೋ ತಂಗಿಗೆ ಅಷ್ಟು ಜಾಸ್ತಿ.

ತಂಗಿಯ ಕೆಲಸ ಮಾತು ನಿಂತುಹೋದವರ ಬಾಯಿಗೆ ಮಾತು ತರುವುದು. ಸ್ಟ್ರೋಕ್ ಆದವರು ಬರುತ್ತಿದ್ದರು. ತಲೆಯೊಳಗೆ ಎಲ್ಲ ಇರುತ್ತದೆ, ನಾಲಿಗೆಗೆ ಹೆಸರು ಸಿಗುವುದಿಲ್ಲ. ಎಲ್ಲರೂ ಇಂಥವರಿಗೆ ಲೋಟ, ತಟ್ಟೆ, ಮರ, ಹೂವು ಎಂದು ಚಿತ್ರ ತೋರಿಸುತ್ತಾರೆ. ಪುಟ್ಟಿ ಹಾಗೆ ಮಾಡಲಿಲ್ಲ. ಮನುಷ್ಯ ಜೀವನವಿಡೀ ಯಾವ ಕೆಲಸ ಮಾಡಿದನೋ ಆ ಕೆಲಸದ ಮಾತು ಮೊದಲು ವಾಪಸು ಬರುತ್ತದೆ ಎಂಬುದು ಅವಳ ಅನುಭವ. ದರ್ಜಿ ಬಂದರೆ ಕತ್ತರಿ, ಗುಂಡಿ, ಕಾಜ. ಬಡಗಿ ಬಂದರೆ ಉಳಿ, ಗರಗಸ. ಅವರವರ ಮನೆಗೇ ಹೋಗಿ, ಅವರದೇ ಸಾಮಾನಿನ ಫೋಟೊ ತೆಗೆದು, ಕೆಲವನ್ನು ಕೈಯಲ್ಲೇ ಬಿಡಿಸಿ, ಕಾರ್ಡು ಮಾಡುತ್ತಿದ್ದಳು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ, ನಡುವೆ ಮನೆಯವರ ಮುಖಗಳು. ಯಾವುದರ ಹಿಂದೆ ಯಾವುದು ಬರಬೇಕೆಂಬ ಜೋಡಣೆಯಲ್ಲೇ ಅವಳ ಅಷ್ಟೂ ವರ್ಷಗಳ ತಿಳಿವಳಿಕೆ ಇತ್ತು. ಕಾರ್ಡುಗಳ ಕಟ್ಟನ್ನು ಮನೆಯವರ ಕೈಗೆ ಕೊಟ್ಟು ಕಳಿಸುತ್ತಿದ್ದಳು. ದಿನವೂ ಮನೆಯಲ್ಲಿ ಕೂತು ಹೇಳಿಸಬೇಕು. ಇಲ್ಲಿಗೆ ಆಗೊಮ್ಮೆ ಈಗೊಮ್ಮೆ ಬಂದು ಹೋದರೆ ಏನೂ ಆಗದು.

"ಸ್ಟ್ರೋಕ್ ಆದ ಮೊದಲಿನ ಒಂದು ವರ್ಷ ಹಸಿ ಮಣ್ಣು ಇದ್ದಂಗೆ ಅಣ್ಣಾ," ಎಂದು ಅವಳು ನನಗೊಮ್ಮೆ ಹೇಳಿದ್ದಳು. "ಆಗ ಹೆಂಗೆ ಬೇಕಾದ್ರೂ ತಿದ್ದಬಹುದು. ಆಮೇಲೆ ಗಟ್ಟಿಯಾಗತ್ತೆ. ಆಗ ನಾನು ಏನು ಕುಟ್ಟಿದ್ರೂ ಅಷ್ಟೇ."

ಅವಳ ಹತ್ತಿರ ಬರುತ್ತಿದ್ದವರಲ್ಲಿ ಒಬ್ಬ ಬಸ್ ಕಂಡಕ್ಟರ್. ಎತ್ತರದ ಆಳು. ಜೀವನವೆಲ್ಲ ನಿಂತೇ ಕಳೆದವನು, ಈಗ ಹೆಂಡತಿಯ ಹೆಗಲು ಹಿಡಿದು ನಡೆಯುತ್ತಿದ್ದ. ಅವನಿಗೆ ವಿಷಲ್, ಚೀಲ, ಟಿಕೆಟ್, ಬಸ್ಸಿನ ಬಾಗಿಲು, ಇವುಗಳ ಕಾರ್ಡು. ಒಂದು ಮಧ್ಯಾಹ್ನ ಅವನ ಬಾಯಿಂದ "ಟಿಕೆಟ್" ಬಂತು. ಅವನ ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. ಪುಟ್ಟಿ ಆ ಸುದ್ದಿ ಹೇಳಲು ನಮ್ಮ ಕೋಣೆಯವರೆಗೆ ಓಡಿ ಬಂದಳು. "ಇನ್ನು ಆರು ತಿಂಗ್ಳು ಬಿಡದೆ ಮಾಡಿದ್ರೆ ಹೆಂಡತಿ ಹೆಸರು ಕೂಗ್ತಾನೆ ಅಕ್ಕ, ನೋಡ್ತಿರು," ಎಂದಳು. ಮೇಡಂ ನಕ್ಕದ್ದನ್ನು ನಾನು ನೋಡಿದ್ದು ಅಪರೂಪ, ಆವತ್ತು ನಕ್ಕರು.

ಅಷ್ಟರಲ್ಲಿ ಒಂದು ಕಂಪನಿ ಬಂತು. ಪುಟ್ಟಿಯ ಕಾರ್ಡುಗಳನ್ನು ಫೋನಿನಲ್ಲಿ ಹಾಕುತ್ತೇವೆ, ಆದರೆ ಹಕ್ಕು ಪೂರ್ತಿ ನಮಗೇ ಇರಬೇಕು, ಹೊರಗೆ ಯಾರಿಗೂ ಪುಕ್ಕಟೆ ಹಂಚುವಂತಿಲ್ಲ ಎಂದು ಕುಲಪತಿಗೆ ಬರೆಯಿತು. ಆಗ ಪ್ರಶ್ನೆ ಎದ್ದಿತು. ಕಾರ್ಡುಗಳು ಯಾರವು? ಕಡಲ ಬಲೆಗಳಿದ್ದ ಆ ನೀತಿಯ ಪ್ರಕಾರ ಅಧ್ಯಾಪಕರು ಬರೆದ ಪುಸ್ತಕ, ಲೇಖನ, ಬಿಡಿಸಿದ ಚಿತ್ರ ಅವರವರದ್ದು. ಆದರೆ ಚಿಕಿತ್ಸೆಗೆಂದು ಮಾಡಿದ ಸಾಧನ ವಿಶ್ವವಿದ್ಯಾಲಯದ್ದು. ಹಿಂದೆ ಮಾಡಿ ಕೊಟ್ಟದ್ದಕ್ಕೂ ಇದೇ ನಿಯಮ. ಚಿತ್ರ ಎಂದಾದರೆ ಪುಟ್ಟಿ ಯಾರಿಗೆ ಬೇಕಾದರೂ ಕೊಡಬಹುದು. ಸಾಧನ ಎಂದಾದರೆ ಕೊಟ್ಟದ್ದನ್ನೂ ವಾಪಸು ತರಬೇಕು.

ಮೇಡಂಗೆ ಉತ್ತರ ಗೊತ್ತಿತ್ತು. ನೀತಿಯ ಕಡೇ ಪುಟದಲ್ಲಿ ಪದಗಳ ವಿವರಣೆ ಇತ್ತು. ಬಿಡಿಸಿದ್ದಾಗಲಿ ಫೋಟೊ ಆಗಲಿ, ಯಾವ ಕೆಲಸಕ್ಕೆ ಬಳಸಿದರೂ ಚಿತ್ರ ಚಿತ್ರವೇ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿತ್ತು. ಆ ಪುಟದವರೆಗೆ ಓದಿದವರು ಅವರು, ಮತ್ತು ಅದನ್ನು ಟೈಪ್ ಮಾಡಿದ ತಪ್ಪಿಗೆ ನಾನು. ಪುಟ್ಟಿ ನಿಶ್ಚಿಂತೆಯಿಂದ ಇದ್ದಳು. "ಅಕ್ಕ ಸಭೇಲಿ ಇರ್ತಾಳಲ್ಲ, ಹೇಳ್ತಾಳೆ ಬಿಡಿ," ಎಂದಳು.

ಸಭೆ ಕುಲಸಚಿವರ ಕೋಣೆಯಲ್ಲಿ. ಉದ್ದ ಮೇಜು, ಸುತ್ತ ವಿಭಾಗಗಳ ಮುಖ್ಯಸ್ಥರು, ನಡಾವಳಿ ಬರೆಯಲು ಮೂಲೆಯಲ್ಲಿ ನಾನು. ಮೇಡಂ ಸಮಿತಿಯ ಕಾರ್ಯದರ್ಶಿ. ನೀತಿಯಲ್ಲಿ ಹೀಗಿದೆ ಎಂದು ಅವರು ಹೇಳಿದರೆ ಉಳಿದವರು ಗೋಣು ಆಡಿಸುವುದು ವಾಡಿಕೆ, ಯಾಕೆಂದರೆ ಉಳಿದವರು ಯಾರೂ ಓದಿರುತ್ತಿರಲಿಲ್ಲ. ಕುಲಸಚಿವರು ವಿಷಯ ಓದಿದರು. ಮೇಡಂ ಎದ್ದು ನಿಂತರು.

"ಇದು ನನ್ನ ತಂಗಿಯ ವಿಷಯ ಸರ್. ನಾನು ಇದ್ರಲ್ಲಿ ಕೂರೋ ಹಾಗಿಲ್ಲ."

"ಅಯ್ಯೋ ಕೂತ್ಕೊಳ್ಳಿ ಮೇಡಂ. ನಮ್ಮನಮ್ಮಲ್ಲೇ ಏನದು?"

"ಹತ್ತಿರದ ಸಂಬಂಧಿಕರ ವಿಷಯ ಬಂದಾಗ ಸದಸ್ಯರು ಹೊರಗೆ ಹೋಗ್ಬೇಕು, ಅವರ ಅಭಿಪ್ರಾಯ ಕೇಳಬಾರದು ಅಂತ ನೀತೀಲಿದೆ ಸರ್."

ಇದೆ. ಇರಲು ಕಾರಣವೂ ಅವರೇ. ಅರ್ಧ ಅರ್ಧ ಎಂದ ಕುಲಪತಿಯ ಕಾಲದಲ್ಲಿ ಒಬ್ಬ ಪ್ರೊಫೆಸರು ತಮ್ಮ ಅಳಿಯನ ಅರ್ಜಿಯ ಸಭೆಯಲ್ಲಿ ತಾವೇ ಅಧ್ಯಕ್ಷರಾಗಿ ಕೂತು, ಬೇರೊಬ್ಬ ಹುಡುಗಿ ಮಾಡಿದ್ದನ್ನು ಅಳಿಯನದ್ದು ಎಂದು ಬರೆಸಿಬಿಟ್ಟಿದ್ದರು. ಆ ಹುಡುಗಿ ನಮ್ಮ ಕೋಣೆಗೆ ಬಂದು ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರದೆ ಹೊರಟುಹೋದಳು. ಮಾರನೇ ದಿನ ಮೇಡಂ ಈ ವಾಕ್ಯ ಬರೆದು ಕರಡಿಗೆ ಸೇರಿಸಿದರು. ಅಷ್ಟು ವರ್ಷಗಳಲ್ಲಿ ಬಂದು ಹೋದ ಅಷ್ಟೂ ನೀತಿಗಳಲ್ಲಿ ಅವರ ಸ್ವಂತದ್ದು ಎಂದು ಇದ್ದದ್ದು ಅದೊಂದೇ ವಾಕ್ಯ. ಪ್ರತಿ ಸಲವೂ ಅದನ್ನು ಹೇಗೋ ಹೊಸದರೊಳಗೆ ಕೂರಿಸುತ್ತಿದ್ದರು.

ಮೇಡಂ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಗಾಜಿನಾಚೆ ಅವರ ಹೆಗಲು ಕಾಣುತ್ತಿತ್ತು. ಬೆಂಚಿದ್ದರೂ ಕೂರಲಿಲ್ಲ.

ಒಳಗೆ ಯಾರಿಗೂ ತಲೆ ಬುಡ ಗೊತ್ತಿರಲಿಲ್ಲ. "ಇವು ಕಾರ್ಡಲ್ವಾ? ಕಾರ್ಡು ಅಂದ್ರೆ ಸಾಧನವೇ," ಎಂದರು ಒಬ್ಬರು. "ರೋಗಿಗೆ ಕೊಡೋದಲ್ವಾ? ಔಷಧಿ ಇದ್ದಂಗೆ," ಎಂದರು ಇನ್ನೊಬ್ಬರು. ನನಗೆ ತಡೆಯಲಾಗಲಿಲ್ಲ. "ಸರ್, ಕಡೇ ಪುಟ ಒಂದ್ಸಲ ನೋಡಿ," ಎಂದೆ.

ಕುಲಸಚಿವರು ಕುರ್ಚಿಯೊಂದು ಮಾತಾಡಿದ ಹಾಗೆ ನನ್ನ ಕಡೆ ತಿರುಗಿದರು. "ನೀವು ಟೈಪ್ ಮಾಡ್ರಿ."

ಒಬ್ಬರು ಮಾತ್ರ, "ಮೇಡಂನ ಕೇಳೋಣ್ವೇ, ಬಾಗಿಲಲ್ಲೇ ಇದ್ದಾರೆ," ಎಂದರು. ಅದಕ್ಕೆ ಕುಲಸಚಿವರು, "ಕೇಳೋ ಹಾಗಿಲ್ವಲ್ಲ, ಈಗ ತಾನೇ ಅವರೇ ಹೇಳಿದ್ರು," ಎಂದರು. ಎಲ್ಲರೂ ನಕ್ಕರು. ಸಾಧನ ಎಂದು ತೀರ್ಮಾನವಾಯಿತು. ಚಹಾ ಬಂತು.

ಮೇಡಂ ಒಳಗೆ ಬಂದು ಮುಂದಿನ ವಿಷಯ ಓದಿದರು. ಅವರ ದನಿ ಬದಲಾಗಲಿಲ್ಲ. ತೀರ್ಮಾನವನ್ನು ಸುತ್ತೋಲೆ ಮಾಡಿ ವಾಕ್ ಚಿಕಿತ್ಸಾ ವಿಭಾಗಕ್ಕೆ ಕಳಿಸಿದವರೂ ಅವರೇ, ಯಾಕೆಂದರೆ ಅದು ಅವರ ಕೆಲಸ.

ಸಂಜೆ ಪುಟ್ಟಿ ಸುತ್ತೋಲೆ ಹಿಡಿದು ಬಂದಳು. ನಾನು ಎದ್ದು ಹೋಗಲು ನೋಡಿದೆ, "ಕೂತ್ಕೊಳ್ಳಿ ಅಣ್ಣ, ನಿಮಗೂ ಗೊತ್ತಾಗ್ಲಿ," ಎಂದಳು.

"ಅಕ್ಕ, ನೀನು ಒಳಗೇ ಕೂತಿದ್ರೆ ಆಗ್ತಿತ್ತಾ ಇಲ್ವಾ?"

"ಆಗ್ತಿತ್ತು."

"ಒಂದು ಮಾತು ಹೇಳಿದ್ರೆ ಸಾಕಿತ್ತು."

"ಹೌದು."

"ಮತ್ತೆ?"

"ನನ್ನ ತಂಗಿಗೆ ಅಂತ ನಾನು ಕೂತ್ರೆ, ನಾಳೆ ಇನ್ನೊಬ್ಬ ತನ್ನ ಅಳಿಯನಿಗೆ ಅಂತ ಕೂರ್ತಾನೆ ಪುಟ್ಟಿ. ಆಗ ನಾನು ಯಾವ ಬಾಯಲ್ಲಿ ಹೇಳ್ಲಿ?"

"ಆ ಕಂಡಕ್ಟರ್ ಯಾವ ಬಾಯಲ್ಲಿ ಹೇಳ್ತಾನೆ ಅಕ್ಕ?" ಎಂದಳು ಪುಟ್ಟಿ.

ಮೇಡಂ ಸುತ್ತೋಲೆಯ ಪ್ರತಿಯನ್ನು ಫೈಲಿಗೆ ಸೇರಿಸಿ ದಾರ ಕಟ್ಟಿದರು. ನಾನು ಇಬ್ಬರನ್ನೂ ಬಲ್ಲವನು. ಮೇಡಂ ಮಾಡಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ. ಸರಿ ಮಾಡಿದವರ ಮುಖದಲ್ಲಿ ಆವತ್ತು ಇದ್ದ ಬಣ್ಣವನ್ನು ಮಾತ್ರ ಮತ್ತೆ ನೋಡುವ ಆಸೆ ನನಗಿಲ್ಲ.

ಕಾರ್ಡುಗಳು ಒಂದೊಂದೇ ವಾಪಸು ಬಂದವು. ಕಂಡಕ್ಟರನ ಹೆಂಡತಿ ಬಟ್ಟೆ ಚೀಲದಲ್ಲಿ ಸುತ್ತಿ ತಂದಳು. ಒಂದಕ್ಕೂ ಕಲೆಯಾಗಿರಲಿಲ್ಲ. ಅವನ ಸ್ವಂತ ವಿಷಲ್ಲಿನ ಫೋಟೊ ಈಗ ವಿಶ್ವವಿದ್ಯಾಲಯದ ಆಸ್ತಿ. ಹೊಸದಾಗಿ ಬಿಡಿಸಿ ಕೊಡೋಣವೆಂದರೆ ಅದೂ ಆಸ್ತಿಯೇ. ಕದ್ದು ಕೊಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಬಾಗಿಲಲ್ಲಿ ಕಾಯುವ ಉಳಿದವರ ಗತಿ ಏನು? ಮನೆಯ ಸಾಮಾನನ್ನೇ ತೋರಿಸಿ ಹೇಳಿಸಿ ಎಂದಳು ಪುಟ್ಟಿ. ಆ ಹೆಂಗಸು ತೋರಿಸಿದಳು, ಪಾಪ. ಯಾವುದರ ಹಿಂದೆ ಯಾವುದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವನು ಸಿಟ್ಟಾಗಿ ಕೈ ಬೀಸಿಬಿಡುತ್ತಿದ್ದನಂತೆ. ದೂರದಿಂದ ಬರುವ ಖರ್ಚು, ತ್ರಾಸ. ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಫೋನಿನಲ್ಲಿ ಬರುತ್ತದೆ ಬರುತ್ತದೆ ಎಂದ ಕಂಪನಿ ಬೇರೇನೋ ಲಾಭದ ಕೆಲಸ ಸಿಕ್ಕಿ ಇದನ್ನು ಕೈಬಿಟ್ಟಿತು. ಕಾರ್ಡುಗಳು ಮಾತ್ರ ನಮ್ಮ ಬೀರುವಿನಲ್ಲಿ, ಬೀಗದೊಳಗೆ.

ಪುಟ್ಟಿ ಮೇಲ್ಮನವಿ ಹಾಕಿದಳು. ಅದು ಕುಲಪತಿಯ ಮೇಜಿನ ಮೇಲೆ ಮಲಗಿತು. ಅಕ್ಕ ತಂಗಿ ಒಂದೇ ಸೂರಿನಡಿ ಇದ್ದರು, ಜಗಳವಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತು. ಗ್ಯಾಸ್ ಮುಗಿದಿದೆ, ನೀರು ಬಂದಿದೆ, ಇಷ್ಟೇ ಮಾತು. ಮೇಡಂ ಬಸ್ಸಿನಲ್ಲಿ ಬರತೊಡಗಿದರು. ಕೇಳಿದರೆ, ಸ್ಕೂಟರಿನಲ್ಲಿ ಸೊಂಟ ನೋಯುತ್ತದೆ ಎಂದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ನಾಲ್ಕು ತುತ್ತು ತಿಂದು ಮುಚ್ಚಿಡುತ್ತಿದ್ದರು. ಡಬ್ಬಿಯಲ್ಲಿ ಪುಟ್ಟಿಯ ಕೈಯಡುಗೆ ಇರುತ್ತಿರಲಿಲ್ಲ, ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಅಡುಗೆಯಾಗುತ್ತಿದೆ ಎಂದು ನನಗೆ ಆಗ ತಿಳಿಯಿತು.

ಮರುವರ್ಷ ಹೊಸ ಕುಲಪತಿ ಬಂದರು. ಜ್ಞಾನ ಎಲ್ಲರದ್ದು ಎಂದು ಮೊದಲ ಭಾಷಣದಲ್ಲೇ ಗುಡುಗಿದರು. ಮೇಡಂ ಮೂಗಿನ ಬುಡ ಒತ್ತಿಕೊಂಡರು. ಆದರೆ ಈ ಸಲ ಕರಡು ಬೇಗ ಮುಗಿಸಿದರು, ಅಷ್ಟು ಬೇಗ ಅವರು ಯಾವುದನ್ನೂ ಮುಗಿಸಿದವರಲ್ಲ. ಹೊಸ ನೀತಿಯಲ್ಲಿ ಚಿಕಿತ್ಸೆಗೆ ಮಾಡಿದ್ದೆಲ್ಲ ಎಲ್ಲರಿಗೂ ಮುಕ್ತ. ಆದೇಶ ಬಂದ ದಿನವೇ ಬೀರು ತೆಗೆದು ಕಾರ್ಡಿನ ಕಟ್ಟುಗಳ ಧೂಳು ಒರೆಸಿದರು. ಎಲ್ಲಕ್ಕಿಂತ ಮೇಲೆ ಕಂಡಕ್ಟರನ ಕಟ್ಟು.

ಆಸ್ತಿ ಹಸ್ತಾಂತರಕ್ಕೆ ಘಟಕದ ಇಬ್ಬರು ಇರಬೇಕೆಂಬ ನಿಯಮ. ಹೀಗಾಗಿ ಮೇಡಂ, ಪುಟ್ಟಿ, ನಾನು, ಮೂವರೂ ಅವನ ಮನೆಗೆ ಹೋದೆವು. ಬಸ್ ಡಿಪೋ ಹಿಂದಿನ ಓಣಿ. ಮುಂದಿನ ಕೋಣೆಯಲ್ಲಿ ಒಂದು ಮಂಚ, ಕಿಟಕಿಯ ಬಳಿ ಕುರ್ಚಿ, ಕುರ್ಚಿಯಲ್ಲಿ ಅವನು. ಮೊದಲಿಗಿಂತ ಮೈ ಬಂದಿತ್ತು. ಬಟ್ಟೆ ಶುಭ್ರವಾಗಿತ್ತು, ಗಡ್ಡ ನೀಟಾಗಿ ಹೆರೆದಿತ್ತು. ಪುಟ್ಟಿಯನ್ನು ನೋಡಿ ಕಣ್ಣರಳಿಸಿದ, ತುಟಿ ಅಲ್ಲಾಡಿತು, ದನಿ ಬರಲಿಲ್ಲ.

ಪುಟ್ಟಿ ಅವನ ಮುಂದೆ ನೆಲದ ಮೇಲೇ ಕೂತಳು. ಟಿಕೆಟಿನ ಕಾರ್ಡು ಎತ್ತಿ ಹಿಡಿದಳು. "ಇದೇನು ಹೇಳಿ ಯಜಮಾನ್ರೇ? ನೀವು ಹೇಳಿದ್ರಲ್ಲ ಆವತ್ತು. ಟಿ..."

ಅವನು ಕಾರ್ಡನ್ನು ತುಂಬ ಹೊತ್ತು ನೋಡಿದ. ಆಮೇಲೆ ಅವಳ ಕೈಯಿಂದ ಕಟ್ಟನ್ನೇ ತೆಗೆದುಕೊಂಡ. ಹೆಬ್ಬೆರಳಿನಿಂದ ಒಂದನ್ನು ಸರಕ್ಕನೆ ಬಿಡಿಸಿ ಪುಟ್ಟಿಗೆ ಕೊಟ್ಟ, ಒಂದನ್ನು ಮೇಡಂಗೆ, ಒಂದನ್ನು ನನಗೆ. ಕೊಟ್ಟು, ಅಂಗೈ ಚಾಚಿ ಹಿಡಿದ. ನನಗೆ ತಟ್ಟನೆ ಹೊಳೆಯಲಿಲ್ಲ. ಮೇಡಂಗೆ ಹೊಳೆಯಿತು. ಖಾಲಿ ಕೈಯನ್ನು ಅವನ ಅಂಗೈಗೆ ತಾಗಿಸಿದರು. ಅವನು ಚಾರ್ಜು ಸಿಕ್ಕಿತೆಂಬಂತೆ ತಲೆ ಆಡಿಸಿ, ಕಿಟಕಿಯ ಕಡೆ ತಿರುಗಿದ. ಕೈಗೆ ಎಲ್ಲ ನೆನಪಿತ್ತು, ನಾಲಿಗೆಗೆ ಏನೂ ಇರಲಿಲ್ಲ. ಪುಟ್ಟಿ ಬೇರೆ ಕಾರ್ಡು ತೋರಿಸಿದಳು, ವಿಷಲ್, ಬಾಗಿಲು, ಹೆಂಡತಿಯ ಮುಖ. ಅವನು ಸೌಜನ್ಯಕ್ಕೆಂಬಂತೆ ಪ್ರತಿಯೊಂದನ್ನೂ ನೋಡಿದ. ಬೆವರಿದ. ಕೊನೆಗೆ ಕಣ್ಣು ಮುಚ್ಚಿಕೊಂಡ.

ಅವನ ಹೆಂಡತಿ ಬಂದು ಅವನ ಹಣೆ ಒರೆಸಿದಳು. ನಮ್ಮ ಕೈಗಳಿಂದ ಕಾರ್ಡುಗಳನ್ನು ಬಿಡಿಸಿಕೊಂಡು, ಅಂಚು ಸರಿ ಮಾಡಿ, ಕಟ್ಟಿ, ಪುಟ್ಟಿಯ ಮಡಿಲಲ್ಲಿಟ್ಟಳು.

"ತಗೊಂಡ್ಹೋಗಿ ಮೇಡಂ. ಬೇರೆ ಯಾರಿಗಾದ್ರೂ ಆಗ್ಲಿ," ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆ ಎಳ್ಳಷ್ಟೂ ಇರಲಿಲ್ಲ. "ಮೊದಮೊದಲು ತುಂಬ ಕಷ್ಟ ಆಯ್ತು. ಈಗ ಅಭ್ಯಾಸ ಆಗೋಗಿದೆ. ಮಾತಿಲ್ದೇ ಇರೋದನ್ನ ನಾವಿಬ್ರೂ ಕಲ್ತಿದೀವಿ."

ಪುಟ್ಟಿ ತಲೆ ತಗ್ಗಿಸಿ ಕಟ್ಟಿನ ದಾರವನ್ನೇ ಎಳೆಯುತ್ತಾ ಕೂತಳು. ನಾನು ಹಸ್ತಾಂತರದ ಸಹಿಗೆಂದು ತಂದಿದ್ದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮೇಡಂ ಬಾಗಿಲ ಬಳಿ ನಿಂತಿದ್ದರು, ಇಡೀ ಒಂದು ವರ್ಷ ಯಾರು ಕೇಳಿದರೂ ತಾನು ಮಾಡಿದ್ದು ಸರಿ ಎಂದವರು.

"ನಾನು ಆವತ್ತು ಎದ್ದು ಹೊರಗೆ ಹೋಗ್ಬಾರ್ದಿತ್ತು," ಎಂದರು.

ಕಂಡಕ್ಟರನ ಹೆಂಡತಿಗೆ ಏನೂ ಅರ್ಥವಾಗಲಿಲ್ಲ. ಮೂವರ ಮುಖವನ್ನೂ ನೋಡಿದಳು.

"ಎಲ್ಲಿಂದ ಮೇಡಂ?" ಎಂದು ಕೇಳಿದಳು.